ಹೊಗೆಗೂ ಒಂದು ಋತುಮಾನ: ಚೆಂಬೂರಿನ ಗಾಳಿಯ ಕಥೆ



ಮುಂಬಯಿಗೆ ಇರುವುದು ಎರಡೇ ಋತು, ಒಂದು ಮಳೆಗಾಲ, ಇನ್ನೊಂದು ಮಳೆ ಇಲ್ಲದ ಕಾಲ ಎಂದು ನಾವೆಲ್ಲ ತಮಾಷೆ ಮಾಡುವುದುಂಟು. ಆದರೆ ಚೆಂಬೂರು, ಗೋವಂಡಿ, ಮಾಹುಲ್, ಟ್ರಾಂಬೆ ಕಡೆ ಮನೆ ಮಾಡಿದವರನ್ನು ಒಮ್ಮೆ ಕೇಳಿ ನೋಡಿ. ಅವರು ವರ್ಷವನ್ನು ಮೂಗಿನಿಂದಲೇ ಅಳೆಯುತ್ತಾರೆ. ಜುಲೈಯಲ್ಲಿ ಕಿಟಕಿ ತೆರೆದರೆ ಟ್ರಾಂಬೆಯ ಗುಡ್ಡ ಹಸಿರಾಗಿ, ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಡಿಸೆಂಬರಿನ ಬೆಳಿಗ್ಗೆ ಅದೇ ಗುಡ್ಡ ಬೂದಿ ಬಣ್ಣದ ಪರದೆಯ ಹಿಂದೆ ಅಡಗಿರುತ್ತದೆ. ಚಿಮಣಿಗಳು ಎರಡು ತಿಂಗಳಲ್ಲೂ ಅವೇ, ಅವುಗಳಿಂದ ಬರುವ ಹೊಗೆಯಲ್ಲೂ ಅಂಥ ವ್ಯತ್ಯಾಸವಿಲ್ಲ. ಹಾಗಿದ್ದರೆ ಬದಲಾಗುವುದು ಯಾವುದು?

ಬದಲಾಗುವುದು ಗಾಳಿ. ಗಾಳಿ ಎತ್ತಲಿಂದ ಬೀಸುತ್ತದೆ, ಎಷ್ಟು ಜೋರಾಗಿ ಬೀಸುತ್ತದೆ, ಮೇಲಕ್ಕೆ ಏರಲು ಅದಕ್ಕೆ ಎಷ್ಟು ಜಾಗವಿದೆ ಎಂಬ ಮೂರು ಸಂಗತಿಗಳ ಮೇಲೆ ನಮ್ಮ ಉಸಿರು ನಿಂತಿದೆ. ಈ ಮಾತನ್ನು ಅರಿಯಲು ಚೆಂಬೂರಿಗಿಂತ ಒಳ್ಳೆಯ ಪಾಠಶಾಲೆ ಮುಂಬಯಿಯಲ್ಲಿ ಇನ್ನೊಂದಿಲ್ಲ.

ದ್ವೀಪವೊಂದರ ಮೂಲೆಯ ಊರು

ಮುಂಬಯಿ ಏಳು ದ್ವೀಪಗಳನ್ನು ಹೊಲಿದು ಮಾಡಿದ ನಗರವೆಂದು ನೀವು ಶಾಲೆಯ ಪಾಠದಲ್ಲಿ ಓದಿರುತ್ತೀರಿ. ಟ್ರಾಂಬೆ ಆ ಏಳರಲ್ಲಿ ಸೇರಿದ್ದಲ್ಲ. ಸಾಲ್ಸೆಟ್ ದ್ವೀಪದ ಪಕ್ಕದಲ್ಲಿ, ಪೂರ್ವ ದಿಕ್ಕಿಗೆ, ಅದು ತನ್ನದೇ ಆದ ಪ್ರತ್ಯೇಕ ದ್ವೀಪವಾಗಿತ್ತು. ಚೆಂಬೂರು ಇದ್ದದ್ದು ಆ ದ್ವೀಪದ ವಾಯವ್ಯ ಮೂಲೆಯಲ್ಲಿ. ನಡುವೆ ಜವುಗು ನೆಲ, ಉಪ್ಪಿನ ಗದ್ದೆ, ಕಾಂಡ್ಲಾ ಗಿಡಗಳು. ಕಾಲಕ್ರಮದಲ್ಲಿ ಜವುಗು ತುಂಬಿ ನೆಲ ಒಂದಾಯಿತು, ಆದರೆ ಭೂಮಿಯ ಏರುತಗ್ಗು ಹಾಗೆಯೇ ಉಳಿಯಿತು.

ಮನಸ್ಸಿನಲ್ಲೇ ಒಂದು ನಕ್ಷೆ ಬರೆದುಕೊಳ್ಳಿ. ನೀವು ಚೆಂಬೂರು ಸ್ಟೇಷನ್ನಿನ ಬಳಿ ನಿಂತಿದ್ದೀರಿ. ಆಗ್ನೇಯಕ್ಕೆ ಸುಮಾರು ಸಾವಿರ ಅಡಿ ಎತ್ತರದ ಟ್ರಾಂಬೆ ಗುಡ್ಡ. ಗುಡ್ಡದ ಆಚೆ ಠಾಣೆ ಖಾರಿ, ಅದರಾಚೆ ನವಿ ಮುಂಬಯಿ. ದಕ್ಷಿಣಕ್ಕೆ, ಗುಡ್ಡಕ್ಕೂ ಸಮುದ್ರಕ್ಕೂ ನಡುವಿನ ತಗ್ಗಿನಲ್ಲಿ ಮಾಹುಲ್ ಮತ್ತು ಅದರ ರಿಫೈನರಿಗಳು. ಈಶಾನ್ಯಕ್ಕೆ ದೇವನಾರದ ಕಸದ ಗುಡ್ಡ. ಉತ್ತರಕ್ಕೆ ಘಾಟ್ಕೋಪರ್, ವಿಕ್ರೋಲಿ ಕಡೆಯ ದಿಬ್ಬಗಳು. ಒಟ್ಟಿನಲ್ಲಿ ಅಂಚು ಎತ್ತರವಾಗಿರುವ ತಟ್ಟೆಯಲ್ಲಿ ಕುಳಿತ ಊರು ಚೆಂಬೂರು. ಈ ನಕ್ಷೆ ನೆನಪಿರಲಿ, ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಡೆಯುತ್ತದೆ.

ಹೊಗೆ ಪೂರ್ವಕ್ಕೆ ಹೋದದ್ದು

ಮುಂಬಯಿಯ ಹೊಗೆಯ ಇತಿಹಾಸ ಶುರುವಾಗುವುದು ಗಿರಣಿಗಳಿಂದ. 1850ರ ದಶಕದಲ್ಲಿ ಮೊದಲ ಹತ್ತಿಗಿರಣಿ ಎದ್ದ ಮೇಲೆ ಲಾಲ್‌ಬಾಗ್, ಪರೇಲ್, ಬೈಕುಲಾ ಕಡೆ ಕಲ್ಲಿದ್ದಲಿನ ಚಿಮಣಿಗಳು ಸಾಲುಸಾಲಾಗಿ ನಿಂತವು. ಹೊಗೆಯ ಉಪದ್ರವ ಎಷ್ಟಾಯಿತೆಂದರೆ 1912ರಲ್ಲಿಯೇ ಅದನ್ನು ಹತೋಟಿಗೆ ತರಲು ಸರಕಾರ ಒಂದು ಕಾಯಿದೆ ಮಾಡಬೇಕಾಯಿತು. ಹಗಲಿನಲ್ಲಿ ಈ ನಗರಕ್ಕೆ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮದ ಕಡಲಿನಿಂದ. ಮಲಬಾರ್ ಹಿಲ್‌ನ ಬಂಗಲೆಗಳಿಗೆ ಕಡಲಿನ ತಾಜಾ ಗಾಳಿ, ಗಿರಣಿ ಕಾರ್ಮಿಕರ ಚಾಳುಗಳಿಗೆ ಹೊಗೆ ಬೆರೆತ ಗಾಳಿ ಎಂಬಂತಾಯಿತು. ಲಂಡನ್ನಿನಲ್ಲೂ ಇದೇ ಕಥೆ. ಅಲ್ಲಿ ಪಶ್ಚಿಮದ ಗಾಳಿಯ ದೆಸೆಯಿಂದ ಶ್ರೀಮಂತರು ವೆಸ್ಟ್ ಎಂಡ್‌ನಲ್ಲಿ ಉಳಿದರು, ಹೊಗೆ, ಕಾರ್ಖಾನೆ, ಬಡತನ ಮೂರೂ ಈಸ್ಟ್ ಎಂಡ್‌ನ ಪಾಲಾದವು.

ಮುಂಬಯಿಯಲ್ಲಿ ಪೂರ್ವದ ಕಡೆಗೆ ಮೊದಲು ಹೋದದ್ದು ಕಸ. 1896ರ ಪ್ಲೇಗಿನ ಹೊಡೆತಕ್ಕೆ ಸಿಕ್ಕಿದ ನಗರಪಾಲಿಕೆ ಊರಿನ ಕಸವನ್ನು ದೂರ ಸಾಗಿಸಲು ಹೊರಟಿತು. ಆ ದೂರದ ಜಾಗವೇ ಚೆಂಬೂರಿನ ಜವುಗು. ಕುರ್ಲಾದಿಂದ ಚೆಂಬೂರಿಗೆ ಹಾಕಿದ ರೈಲುಹಳಿಯ ಮೇಲೆ ಮೊದಲು ಓಡಿದ್ದು ಕಸದ ಗಾಡಿ. ಪ್ರಯಾಣಿಕರ ಗಾಡಿ ಓಡಿದ್ದು 1924ರಲ್ಲಿ. ನಾವಿಂದು ಹಾರ್ಬರ್ ಲೈನಿನಲ್ಲಿ ನೇತಾಡಿಕೊಂಡು ಹೋಗುವ ದಾರಿಯ ಪೂರ್ವಜನ್ಮ ಇದು. ದೇವನಾರದ ಕಸದ ಮೈದಾನ ಶುರುವಾದದ್ದು 1927ರಲ್ಲಿ. ಅಂದು ತಗ್ಗು ತುಂಬಲು ಹಾಕಿದ ಕಸ ಇಂದು ಬಹುಮಹಡಿ ಕಟ್ಟಡದಷ್ಟು ಎತ್ತರದ ಬೆಟ್ಟವಾಗಿ, ಮುನ್ನೂರು ಎಕರೆಗೂ ಮಿಕ್ಕಿ ಹಬ್ಬಿದೆ.

ಸ್ವಾತಂತ್ರ್ಯ ಬಂದ ಮೇಲೆ ಕಾರ್ಖಾನೆಗಳ ಸರದಿ. ಟ್ರಾಂಬೆಯ ಪಕ್ಕದಲ್ಲಿ ಹಡಗು ನಿಲ್ಲುವ ಬಂದರು, ಪೈಪುಗಳ ಮೂಲಕ ಎಣ್ಣೆ ಇಳಿಸುವ ಅನುಕೂಲ, ಯಂತ್ರ ತಂಪಾಗಿಸಲು ಬೇಕಾದಷ್ಟು ಉಪ್ಪುನೀರು, ಖಾಲಿ ನೆಲ ಎಲ್ಲವೂ ಇದ್ದವು. 1954ರಲ್ಲಿ ಸ್ಟ್ಯಾನ್‌ವ್ಯಾಕ್ ರಿಫೈನರಿ, 1955ರಲ್ಲಿ ಬರ್ಮಾ ಶೆಲ್ ರಿಫೈನರಿ, 1956ರಲ್ಲಿ ಟಾಟಾ ಕಂಪೆನಿಯ ಉಷ್ಣ ವಿದ್ಯುತ್ ಸ್ಥಾವರ, 1965ರಲ್ಲಿ ರಸಗೊಬ್ಬರ ಕಾರ್ಖಾನೆ ಹೀಗೆ ಹನ್ನೊಂದೇ ವರ್ಷದಲ್ಲಿ ಮಾಹುಲ್ ಮತ್ತು ಟ್ರಾಂಬೆಯ ಚಹರೆ ಬದಲಾಯಿತು. ಆ ಎರಡು ರಿಫೈನರಿಗಳೇ ರಾಷ್ಟ್ರೀಕರಣದ ನಂತರ ಹಿಂದೂಸ್ಥಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಆದವು. ಗೊಬ್ಬರದ ಕಾರ್ಖಾನೆ 1978ರಲ್ಲಿ ಆರ್.ಸಿ.ಎಫ್. ಎಂಬ ಹೆಸರು ಪಡೆಯಿತು. ದೇಶಕ್ಕೆ ಇವೆಲ್ಲ ಬೇಕಾಗಿದ್ದವು, ಅದರಲ್ಲಿ ಅನುಮಾನವಿಲ್ಲ. ಊರಿನಿಂದ ದೂರ, ಗಾಳಿ ಹೊಗೆಯನ್ನು ಖಾರಿಯ ಕಡೆಗೆ ತಳ್ಳುವ ಜಾಗ ಎಂದು ನೋಡಿದರೆ ಆಯ್ಕೆಯೂ ಸರಿಯೆಂದೇ ಕಾಣುತ್ತಿತ್ತು.

ಆದರೆ ಊರು ನಿಂತಲ್ಲೇ ನಿಲ್ಲಲಿಲ್ಲ. ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಚೆಂಬೂರಿಗೆ ಬಂದರು. ಕಾರ್ಖಾನೆಗಳ ಕಾಲೊನಿಗಳು ಎದ್ದವು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕರ್ನಾಟಕದ ಕಡೆಯಿಂದ ಬಂದ ನಮ್ಮವರು ಇಲ್ಲಿ ಹೋಟೆಲು ತೆರೆದರು, ಕಾರ್ಖಾನೆಯ ಪಾಳಿಗೆ ಸೇರಿದರು, ಸಂಘ ಕಟ್ಟಿದರು. ಚೆಂಬೂರು ಕರ್ನಾಟಕ ಸಂಘ ಬೆಳೆದದ್ದು ಈ ಮಣ್ಣಿನಲ್ಲೇ, ಈ ಗಾಳಿಯಲ್ಲೇ. ಊರ ಹೊರಗೆ ಎಂದು ಇಟ್ಟ ಚಿಮಣಿಗಳು ಊರ ನಡುವೆ ಬಂದುಬಿಟ್ಟವು. ಜನ ಚೆಂಬೂರಿಗೆ 'ಗ್ಯಾಸ್ ಚೇಂಬರ್' ಎಂಬ ಅಡ್ಡಹೆಸರಿಟ್ಟರು. ಅದರಲ್ಲಿ ನಗುವಿಗಿಂತ ಕೆಮ್ಮೇ ಹೆಚ್ಚಿತ್ತು.

ವರ್ಷದ ಗಾಳಿ, ದಿನದ ಗಾಳಿ

ಈಗ ನಾವು ಬರೆದುಕೊಂಡ ನಕ್ಷೆಯ ಮೇಲೆ ಗಾಳಿ ಬೀಸಲು ಬಿಡೋಣ.

ಜೂನ್ ಎರಡನೇ ವಾರದಲ್ಲಿ ಮುಂಗಾರು ಬರುತ್ತದೆ. ನೈಋತ್ಯದಿಂದ ನುಗ್ಗುವ ಗಾಳಿಗೆ ಸಾವಿರಾರು ಮೈಲು ಕಡಲಿನ ಹಾದಿ, ಎಲ್ಲೂ ಹೊಗೆಯಿಲ್ಲ. ನಾಲ್ಕು ತಿಂಗಳಲ್ಲಿ ಸಾಂತಾಕ್ರೂಜಿನ ಮಾಪಕದಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಗುತ್ತದೆ. ಹನಿಯೊಂದೊಂದೂ ದೂಳನ್ನು ಹಿಡಿದು ನೆಲಕ್ಕೆ ಇಳಿಸುತ್ತದೆ. ಮಾಹುಲ್‌ನ ದಕ್ಷಿಣದ ಗಾಳಿ ಆಗಲೂ ಒಮ್ಮೊಮ್ಮೆ ಚೆಂಬೂರಿಗೆ ಗ್ಯಾಸಿನ ವಾಸನೆ ತರುವುದುಂಟು. ಆದರೂ ಒಟ್ಟಾರೆ ನೋಡಿದರೆ ವರ್ಷದಲ್ಲಿ ಎದೆ ತುಂಬ ಉಸಿರೆಳೆಯುವ ಕಾಲ ಇದೇ.

ಅಕ್ಟೋಬರಿನಲ್ಲಿ ಮುಂಗಾರು ಹಿಂದೆ ಸರಿಯುತ್ತದೆ. ಗಾಳಿ ನೈಋತ್ಯವನ್ನು ಬಿಟ್ಟು ಉತ್ತರಕ್ಕೆ ತಿರುಗುವ ಮೊದಲು ಕೆಲವು ವಾರ ಎತ್ತ ಹೋಗಬೇಕೆಂದು ತಿಳಿಯದೆ ನಿಂತಿರುತ್ತದೆ. ನಾವು 'ಅಕ್ಟೋಬರ್ ಹೀಟ್' ಎಂದು ಬೆವರು ಒರೆಸಿಕೊಳ್ಳುವ ದಿನಗಳವು. ತೊಳೆಯಲು ಮಳೆಯಿಲ್ಲ, ಒಯ್ಯಲು ಗಾಳಿಯಿಲ್ಲ. ಒಣಗಿದ ರಸ್ತೆಯಿಂದ ದೂಳು ಏಳಲು ಶುರುವಾಗುತ್ತದೆ, ಮೇಲಿಂದ ದೀಪಾವಳಿಯ ಪಟಾಕಿ.

ನಿಜವಾದ ಕಷ್ಟ ನವೆಂಬರಿನಿಂದ ಫೆಬ್ರವರಿಯವರೆಗೆ. ಸಾಮಾನ್ಯವಾಗಿ ನೆಲದ ಹತ್ತಿರದ ಗಾಳಿ ಬೆಚ್ಚಗಿದ್ದು ಮೇಲೆ ಹೋದಷ್ಟೂ ತಂಪಾಗುತ್ತದೆ. ಬೆಚ್ಚಗಿನ ಗಾಳಿ ಹಗುರವಾದ್ದರಿಂದ ಹೊಗೆಯನ್ನು ಹೊತ್ತುಕೊಂಡು ಮೇಲೇರುತ್ತದೆ. ಚಳಿಗಾಲದ ರಾತ್ರಿ ಇದು ತಿರುಗುಮುರುಗಾಗುತ್ತದೆ. ಆಕಾಶ ನಿರ್ಮಲವಾಗಿದ್ದಾಗ ನೆಲ ಬೇಗ ತಣ್ಣಗಾಗಿ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಕೂರುತ್ತದೆ. ಇಡ್ಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಒಳಗಿನ ಹಬೆ ಹೊರಗೆ ಹೋಗುವಂತಿಲ್ಲ. ಬೇಸಗೆಯ ಮಧ್ಯಾಹ್ನ ಹೊಗೆ ಹರಡಿಕೊಳ್ಳಲು ಕಿಲೋಮೀಟರಿಗೂ ಮಿಕ್ಕಿದ ಎತ್ತರ ಸಿಕ್ಕಿದರೆ, ಚಳಿಗಾಲದ ರಾತ್ರಿ ಸಿಗುವುದು ಕೆಲವೇ ನೂರು ಮೀಟರ್. ಹೊಗೆ ಅಷ್ಟೇ ಇದ್ದರೂ ಕೋಣೆ ಚಿಕ್ಕದಾಯಿತು ನೋಡಿ.

ದಿಕ್ಕಿನ ಆಟವೂ ಇದೆ. ರಾತ್ರಿ ನೆಲ ತಣ್ಣಗಾದ ಮೇಲೆ ಗಾಳಿ ನೆಲದಿಂದ ಕಡಲಿಗೆ, ಎಂದರೆ ಪೂರ್ವ ಮತ್ತು ಈಶಾನ್ಯದಿಂದ, ಬಹಳ ಮೆಲ್ಲಗೆ ಬೀಸುತ್ತದೆ. ಈಶಾನ್ಯಕ್ಕೆ ಏನಿತ್ತು? ದೇವನಾರ. ಅಲ್ಲಿ ಕಸ ಉರಿದರೆ ಆ ಹೊಗೆ ಮಲಗಿದ ಚೆಂಬೂರಿನ ಮೇಲೆ ತೆವಳಿಕೊಂಡು ಬರುತ್ತದೆ. ಹಗಲು ಬಿಸಿಲೇರಿದ ಮೇಲೆ ಕಡಲ ಗಾಳಿ ವಾಯವ್ಯದಿಂದ ಏಳುತ್ತದೆ. ಆಗ ಮಾಹುಲ್‌ನ ಹೊಗೆ ಗುಡ್ಡದ ಕಡೆಗೆ ಸರಿಯುತ್ತದೆ. ಸಾವಿರ ಅಡಿಯ ಗುಡ್ಡ ಅಡ್ಡ ನಿಂತು ಅದು ಸಲೀಸಾಗಿ ಖಾರಿ ದಾಟದಂತೆ ತಡೆಯುತ್ತದೆ. ರಾತ್ರಿ ಒಂದು ಕಡೆಯದು, ಹಗಲು ಇನ್ನೊಂದು ಕಡೆಯದು.

ಇನ್ನೊಂದು ಸೂಕ್ಷ್ಮ ಸಂಗತಿ. ಎತ್ತರದ ಚಿಮಣಿಯ ಹೊಗೆ ರಾತ್ರಿ ಮುಚ್ಚಳದ ಮೇಲೆಯೇ ನಿಂತಿರಬಹುದು. ಬೆಳಿಗ್ಗೆ ಬಿಸಿಲಿಗೆ ನೆಲ ಕಾದು ಗಾಳಿ ಕಲಕಿದಾಗ ಆ ಹೊಗೆ ಒಮ್ಮೆಲೇ ಕೆಳಗಿಳಿಯುತ್ತದೆ. ಸೂರ್ಯ ಮೂಡಿದ ಕೂಡಲೇ ಗಾಳಿ ಶುದ್ಧವಾಯಿತೆಂದು ಚಳಿಗಾಲದಲ್ಲಿ ಭಾವಿಸಬೇಡಿ. ವಾಕಿಂಗ್ ಹೋಗುವ ಹಿರಿಯರಿಗೆ ಆ ದಿನಗಳಲ್ಲಿ ನಸುಕಿಗಿಂತ, ಕಡಲ ಗಾಳಿ ಎದ್ದ ಮೇಲಿನ ಹೊತ್ತೇ ಲೇಸು.

ಮಾರ್ಚ್ ನಂತರ ಕಡಲ ಗಾಳಿ ಬಲಗೊಂಡು ಮುಚ್ಚಳ ಮೇಲೇಳುತ್ತದೆ. ದೂಳು ಇರುತ್ತದೆ, ಸೆಕೆ ಇರುತ್ತದೆ, ಆದರೆ ಹೊಗೆ ಒಂದೇ ಕಡೆ ನಿಲ್ಲುವುದಿಲ್ಲ. ಮತ್ತೆ ಜೂನ್. ಚಕ್ರ ತಿರುಗುತ್ತದೆ.

ಗುಡ್ಡ, ಮುಚ್ಚಳ ಮತ್ತು ಸಾವು

ನೆಲದ ಆಕಾರವೂ ಚಳಿಗಾಲವೂ ಕೈಜೋಡಿಸಿದರೆ ಏನಾಗಬಹುದೆಂದು ಜಗತ್ತು ಹಿಂದೆಯೇ ಕಂಡಿದೆ. 1930ರಲ್ಲಿ ಬೆಲ್ಜಿಯಮ್ಮಿನ ಮ್ಯೂಸ್ ಕಣಿವೆ, 1948ರಲ್ಲಿ ಅಮೆರಿಕದ ಡೊನೋರಾ ಎಂಬ ಕಣಿವೆಯೂರು. ಎರಡೂ ಕಡೆ ಕಾರ್ಖಾನೆಗಳ ಹೊಗೆ ಇದೇ ತರದ ಮುಚ್ಚಳದಡಿ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಜನ ಸತ್ತರು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಐದು ದಿನ ಕುಳಿತ ಹೊಗೆಮಂಜು ನಾಲ್ಕು ಸಾವಿರ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಿನ ಲೆಕ್ಕ; ನಂತರದ ಅಂದಾಜುಗಳು ಇನ್ನೂ ಹೆಚ್ಚು ಹೇಳುತ್ತವೆ. ಅದರ ಫಲವಾಗಿ 1956ರಲ್ಲಿ ಬ್ರಿಟನ್ನಿನಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಅದೇ ವರ್ಷ ಟ್ರಾಂಬೆಯಲ್ಲಿ ವಿದ್ಯುತ್ ಸ್ಥಾವರ ಶುರುವಾಯಿತು.

ನಮ್ಮ ಪುಣ್ಯಕ್ಕೆ ಮುಂಬಯಿಗೆ ಕಡಲಿದೆ. ದಿನಕ್ಕೆ ಎರಡು ಬಾರಿ ದಿಕ್ಕು ಬದಲಿಸುವ ಗಾಳಿ ಹೊಗೆಯನ್ನು ಕಲಕುತ್ತಲೇ ಇರುತ್ತದೆ. ಹಾಗಾಗಿ ಲಂಡನ್ನಿನಂಥ ಐದು ದಿನ ನಮಗೆ ಬರಲಿಲ್ಲ. ಬಂದದ್ದು ಸಣ್ಣ ಸಣ್ಣ ಕಂತಿನ ಕಾಯಿಲೆ. 1970ರ ದಶಕದ ಕೊನೆಗೆ ಕೆ.ಇ.ಎಂ. ಆಸ್ಪತ್ರೆಯ ಡಾ. ಎಸ್. ಆರ್. ಕಾಮತ್ ಮತ್ತು ಸಂಗಡಿಗರು ನಗರದ ಮೂರು ಪ್ರದೇಶಗಳ ಜನರನ್ನು ದೂರದ ಹಳ್ಳಿಯ ಜನರೊಂದಿಗೆ ಹೋಲಿಸಿ ಅಧ್ಯಯನ ಮಾಡಿದರು. ಚೆಂಬೂರು ಆ ಮೂರರಲ್ಲಿ ಒಂದು. ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಹೆಚ್ಚಿದ್ದ ಕಡೆ ಕೆಮ್ಮು, ನೆಗಡಿ, ಉಬ್ಬಸ ಹೆಚ್ಚೆಂದು ಅವರು ತೋರಿಸಿಕೊಟ್ಟರು. ಅಲ್ಲಿಯವರೆಗೆ ಮನೆಮನೆಯ ದೂರಾಗಿದ್ದದ್ದು ಮೊದಲ ಬಾರಿಗೆ ಅಂಕಿಯಾಯಿತು.

ಅಂಕಿಗಳಿಗೆ ಶಕ್ತಿ ಇದೆ. 1981ರಲ್ಲಿ ದೇಶಕ್ಕೆ ವಾಯು ಮಾಲಿನ್ಯ ತಡೆ ಕಾಯಿದೆ ಬಂತು. 1984ರ ಭೋಪಾಲದ ದುರಂತ, ಯೂನಿಯನ್ ಕಾರ್ಬೈಡಿನದೇ ಒಂದು ಘಟಕವನ್ನು ಪಕ್ಕದಲ್ಲಿಟ್ಟುಕೊಂಡಿದ್ದ ಚೆಂಬೂರಿಗೆ ದೂರದ ಸುದ್ದಿಯಾಗಿರಲಿಲ್ಲ. ಅದೇ ದಶಕದಲ್ಲಿ ಟ್ರಾಂಬೆಯ ವಿದ್ಯುತ್ ಸ್ಥಾವರದಲ್ಲಿ ಸಮುದ್ರದ ನೀರಿನಿಂದ ಹೊಗೆಯ ಗಂಧಕವನ್ನು ತೊಳೆಯುವ ವ್ಯವಸ್ಥೆ ಬಂತು. ಮುಂದೆ ಟ್ಯಾಕ್ಸಿ, ರಿಕ್ಷಾಗಳು ಸಿ.ಎನ್.ಜಿ.ಗೆ ತಿರುಗಿದವು. ಗಂಧಕದ ಕಾಟ ನಿಜಕ್ಕೂ ಇಳಿಯಿತು. ಕಾಯಿದೆಯೂ ತಂತ್ರಜ್ಞಾನವೂ ಮನಸ್ಸು ಮಾಡಿದರೆ ಚೆಂಬೂರಿನ ಗಾಳಿ ಸುಧಾರಿಸಬಲ್ಲದು ಎನ್ನುವುದಕ್ಕೆ ಇದೇ ಸಾಕ್ಷಿ.

ಆದರೂ 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟಾಗ ಚೆಂಬೂರು 69.19 ಪಡೆಯಿತು. 70 ದಾಟಿದ್ದರೆ 'ಅತಿ ಗಂಭೀರ' ಪಟ್ಟಿಗೆ ಸೇರಿ ಹೊಸ ಕಾರ್ಖಾನೆಗಳಿಗೆ ತಾತ್ಕಾಲಿಕ ತಡೆ ಬೀಳುತ್ತಿತ್ತು. ಒಂದು ಅಂಕಕ್ಕಿಂತಲೂ ಕಡಿಮೆ ಅಂತರದಲ್ಲಿ ತಪ್ಪಿತು. ಯಾರ ಪುಣ್ಯಕ್ಕೆ ಎಂದು ನೀವೇ ಯೋಚಿಸಿ.

ಒಂದು ಜನವರಿ, ಒಂದು ಮಾಹುಲ್

2016ರ ಜನವರಿ ಕೊನೆಗೆ ದೇವನಾರಕ್ಕೆ ಬೆಂಕಿ ಬಿತ್ತು. ಹೊಗೆ ದಿನಗಟ್ಟಲೆ ಹೋಗಲಿಲ್ಲ. ಉಪಗ್ರಹದ ಚಿತ್ರದಲ್ಲೂ ಅದು ಕಾಣಿಸಿತು, ಸುತ್ತಲಿನ ಪಾಲಿಕೆ ಶಾಲೆಗಳನ್ನು ಮುಚ್ಚಬೇಕಾಯಿತು. ಕಸದ ಬೆಟ್ಟದಲ್ಲಿ ಬೆಂಕಿ ಹೊಸದಲ್ಲ. ಆದರೆ ಆ ತಿಂಗಳು ನೋಡಿ, ಜನವರಿ. ಮೆಲ್ಲಗಿನ ಈಶಾನ್ಯದ ಗಾಳಿ, ಮೇಲೆ ಮುಚ್ಚಳ. ಅದೇ ಬೆಂಕಿ ಆಗಸ್ಟಿನ ಮಳೆಗಾಳಿಗೆ ಸಿಕ್ಕಿದ್ದರೆ ಅರ್ಧ ಕಥೆ ಬೇರೆಯಾಗುತ್ತಿತ್ತು.

ಮಾಹುಲ್‌ನ ಕಥೆ ಇನ್ನೂ ಕಹಿ. ನಗರದ ಬೇರೆ ಬೇರೆ ಕಡೆ, ವಿಶೇಷವಾಗಿ ತಾನ್ಸಾ ನೀರಿನ ಪೈಪಿನ ಇಕ್ಕೆಲಗಳಲ್ಲಿ ಗುಡಿಸಲು ಕಳೆದುಕೊಂಡ ಸಾವಿರಾರು ಕುಟುಂಬಗಳಿಗೆ ಪುನರ್ವಸತಿ ಎಂದು ಕೊಟ್ಟದ್ದು ರಿಫೈನರಿಗಳ ಮಗ್ಗುಲಿನ ಕಟ್ಟಡಗಳನ್ನು. ಅಲ್ಲಿ ಕಾಯಿಲೆ, ಸಾವು, ಧರಣಿ ಎಲ್ಲವೂ ಆದವು. 2019ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟು, ಆ ಗಾಳಿಗೆ ಜನರನ್ನು ಬಲವಂತದಿಂದ ದೂಡುವಂತಿಲ್ಲ, ಬೇರೆಡೆ ಬಾಡಿಗೆಗೆ ಇರಲು ತಿಂಗಳಿಗೆ 15,000 ರೂಪಾಯಿ ಕೊಡಿ ಎಂದು ಆದೇಶಿಸಿತು. 2020ರ ಆಗಸ್ಟಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಮಾಹುಲ್ ಪರಿಸರದ ನಾಲ್ಕು ಕಂಪೆನಿಗಳು ಒಟ್ಟು ಸುಮಾರು 286 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕೆಂದಿತು. ಗಾಳಿ ಎಲ್ಲರಿಗೂ ಒಂದೇ ಎನ್ನುತ್ತೇವೆ. ಯಾರ ಮನೆ ಗಾಳಿಯ ಯಾವ ದಿಕ್ಕಿಗಿರಬೇಕೆಂಬುದನ್ನು ಮಾತ್ರ ನಾವು ಮನುಷ್ಯರೇ ತೀರ್ಮಾನಿಸುತ್ತೇವೆ.

ಈಗ ಎಲ್ಲರೂ ಚೆಂಬೂರಿನವರೇ

ಅಂಧೇರಿ, ಬೊರಿವಲಿ, ಮುಲುಂಡಿನ ಕೇಳುಗರು ಇದು ತಮ್ಮ ಊರಿನ ಮಾತಲ್ಲವೆಂದು ನಿರುಮ್ಮಳವಾಗಿ ಇರುವಂತಿಲ್ಲ. 2022-23ರ ಚಳಿಗಾಲದಲ್ಲಿ ಕೆಲವು ದಿನ ಮುಂಬಯಿಯ ಗಾಳಿ ದೆಹಲಿಗಿಂತಲೂ ಕೆಟ್ಟಿತ್ತು. ಕಡಲ ಗಾಳಿ ಸಕಾಲಕ್ಕೆ ಏಳದೆ ದೂಳು ನಗರದ ಮೇಲೆಯೇ ನಿಂತಿತು. ಸತತ ಮೂರು ವರ್ಷ ಕಾಡಿದ ಲಾ ನೀನಾ ಇದಕ್ಕೆ ಕಾರಣವಿರಬೇಕೆಂದು ವಿಜ್ಞಾನಿಗಳು ಹೇಳಿದರು. ದೂರದ ಶಾಂತಸಾಗರದ ನೀರು ತಣ್ಣಗಾದರೆ ಮುಲುಂಡಿನ ಮಗು ಕೆಮ್ಮುವ ಕಾಲವಿದು. ಆದರೆ ಆ ದೂಳು ಎದ್ದದ್ದು ನಮ್ಮದೇ ಕಟ್ಟಡ, ರಸ್ತೆ, ಮೆಟ್ರೋ ಕಾಮಗಾರಿಗಳಿಂದ. 2023ರ ಅಕ್ಟೋಬರಿನಲ್ಲಿ ಪಾಲಿಕೆ ಕಟ್ಟಡದ ಸುತ್ತ ತಗಡಿನ ತಡೆ, ನೀರು ಸಿಂಪಡಣೆ ಎಂದೆಲ್ಲ ನಿಯಮ ಮಾಡಿತು. ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2025ರ ಜನವರಿಯಲ್ಲಿ ಕಟ್ಟಿಗೆ, ಕಲ್ಲಿದ್ದಲು ಸುಡುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿಗೆ ಅಥವಾ ಬೇರೆ ಶುದ್ಧ ಇಂಧನಕ್ಕೆ ತಿರುಗಬೇಕೆಂದಿತು. ಈ ಆದೇಶಗಳು ಬಂದ ತಿಂಗಳುಗಳನ್ನು ಗಮನಿಸಿದಿರಾ? ಅಕ್ಟೋಬರ್, ಜನವರಿ.

ಊರಿನ ಕಡೆಯೂ ಇದೇ ಭೂಗೋಳ. ಮಂಗಳೂರಿನಲ್ಲಿ 1996ರಿಂದ ರಿಫೈನರಿ ಇದೆ, ಪಡುಬಿದ್ರಿ ಬಳಿಯ ನಂದಿಕೂರಿನಲ್ಲಿ 2010ರಿಂದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇದೆ. ಅಲ್ಲೂ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ರಾತ್ರಿ ಹಗಲು ಅದೇ ಗಾಳಿಯ ಉಯ್ಯಾಲೆ. ಊರಿಗೆ ಹೋದಾಗ ಜಾಗ ಕೊಳ್ಳುವವರು, ಮನೆ ಕಟ್ಟುವವರು ನೀರಿನ ಬಾವಿಯನ್ನು ನೋಡುವಂತೆ ಗಾಳಿಯ ದಿಕ್ಕನ್ನೂ ಕೇಳಿ ತಿಳಿಯುವುದು ಒಳ್ಳೆಯದು.

ಮಳೆಯಲ್ಲಿ ಮಾಡಬೇಕಾದ ಕೆಲಸ

ನೂರು ವರ್ಷದ ಈ ಕಥೆಯಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಸಂಗತಿ. ಡಿಸೆಂಬರಿನಲ್ಲಿ ಕೂಗು ಏಳುತ್ತದೆ, ಜನವರಿಯಲ್ಲಿ ಸಮಿತಿ ಕೂರುತ್ತದೆ, ಮಾರ್ಚಿನಲ್ಲಿ ಗಾಳಿ ಬಿಡುತ್ತದೆ, ಜೂನಿನಲ್ಲಿ ಮಳೆ ಬಂದು ಆಕಾಶದೊಂದಿಗೆ ನಮ್ಮ ನೆನಪನ್ನೂ ತೊಳೆದುಬಿಡುತ್ತದೆ. ಮಳೆ ಹೊಗೆಯನ್ನು ನಿಲ್ಲಿಸುವುದಿಲ್ಲ, ಮರೆಸುತ್ತದೆ ಅಷ್ಟೆ. ಗುಡ್ಡವನ್ನು ಸರಿಸಲಾಗದು, ಚಳಿಗಾಲವನ್ನು ರದ್ದು ಮಾಡಲಾಗದು. ನಮ್ಮ ಕೈಯಲ್ಲಿರುವುದು ಹೊಗೆಯೊಂದೇ, ಅದನ್ನು ತಗ್ಗಿಸಲು ಬೇಕಾದ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಆದ್ದರಿಂದ ಕೇಳುಗ ಮಿತ್ರರೇ, ನಿಮ್ಮ ಸೊಸೈಟಿಯ ಸಭೆಯಲ್ಲಿ, ಸಂಘದ ಸಭೆಯಲ್ಲಿ ಈ ವಿಷಯವನ್ನು ಆಗಸ್ಟಿನಲ್ಲೇ ಎತ್ತಿ. ಪಕ್ಕದ ಕಟ್ಟಡದ ದೂಳಿಗೆ ಪರದೆ ಬಿದ್ದಿದೆಯೇ, ಓಣಿಯಲ್ಲಿ ಕಸ ಸುಡುವುದು ನಿಂತಿದೆಯೇ, ವಾರ್ಡ್ ಆಫೀಸಿಗೆ ಕೊಟ್ಟ ಅರ್ಜಿ ಎಲ್ಲಿದೆ ಎಂದು ಮಳೆ ಸುರಿಯುವಾಗಲೇ ವಿಚಾರಿಸಿ. ಕೇಂದ್ರ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ನಿಮ್ಮ ಪ್ರದೇಶದ ಅಂಕಿ ಸಿಗುತ್ತದೆ, ಅದನ್ನು ಒಂದು ವರ್ಷ ಬರೆದಿಟ್ಟು ನೋಡಿ. ಪಿ.ಎಂ. 2.5 ಎಂಬ ಸಣ್ಣ ಕಣ ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಿತಿ. ಮನೆಯಲ್ಲಿ ಉಬ್ಬಸದವರು, ಮಕ್ಕಳು, ವಯಸ್ಸಾದವರು ಇದ್ದರೆ ಆ ವಹಿ ನಿಮ್ಮ ವೈದ್ಯರಿಗೂ ಉಪಯೋಗಕ್ಕೆ ಬಂದೀತು.

ಟ್ರಾಂಬೆಯ ಗುಡ್ಡ ಜುಲೈಯಲ್ಲಿ ಕಾಣುವಷ್ಟೇ ಸ್ಪಷ್ಟವಾಗಿ ಜನವರಿಯಲ್ಲೂ ಕಾಣಬೇಕು. ಅದೇ ನಮ್ಮ ಅಳತೆಗೋಲಾಗಲಿ.